ದೇಶೀಯ ವಿಮಾನ ಹತ್ತುವ ಮುನ್ನ ಲೌಂಜ್: ಮನೆಯಿಂದ ಗೇಟಿನವರೆಗೆ ಹಂತ ಹಂತವಾಗಿ

ದೇಶದೊಳಗಿನ ವಿಮಾನ ಪ್ರಯಾಣಕ್ಕೆ ಹೊರಡುವ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಮೂರು. ನನ್ನ ಕಾರ್ಡಿಗೆ ಲೌಂಜ್ ಸೌಲಭ್ಯವಿದೆ ಎಂದು ಬ್ಯಾಂಕಿನವರು ಹೇಳಿದ್ದಾರೆ, ನೇರವಾಗಿ ಹೋಗಿಬಿಡಬಹುದೇ? ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದರೆ ಅಷ್ಟೇ ಸಾಕೇ? ಎಷ್ಟು ಹೊತ್ತು ಮುಂಚೆ ಹೋದರೆ ಒಳ್ಳೆಯದು? ಮೂರಕ್ಕೂ ‘ಹೌದು’ ಅಥವಾ ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಲೀಸಾಗಿ ನಡೆಯುವ ಎಷ್ಟೋ ನಿಯಮಗಳು ದೇಶೀಯ ಪ್ರಯಾಣದಲ್ಲಿ ನಡೆಯುವುದಿಲ್ಲ; ಅದು ತಿಳಿಯದೆ ಹೋದವರು ಲೌಂಜಿನ ಬಾಗಿಲಿನಿಂದ ಹಿಂತಿರುಗುತ್ತಾರೆ. ಹಾಗಾಗದಂತೆ ನೋಡಿಕೊಳ್ಳುವ ಕೆಲಸದ ಬಹುಪಾಲು ಮನೆಯಲ್ಲಿಯೇ ಮುಗಿಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಲೇಖನದಲ್ಲಿ ಮೊದಲ ಎರಡು ಹಂತಗಳು ಉಳಿದವುಗಳಿಗಿಂತ ಉದ್ದವಾಗಿರುವುದಕ್ಕೆ ಅದೇ ಕಾರಣ.

ಲೌಂಜ್ ಎಂದರೆ ವಿಮಾನ ನಿಲ್ದಾಣದೊಳಗೆ ಪ್ರತ್ಯೇಕವಾಗಿರುವ ವಿಶ್ರಾಂತಿ ಕೊಠಡಿ. ಕುಳಿತುಕೊಳ್ಳಲು ಒಳ್ಳೆಯ ಆಸನ, ಊಟ ತಿಂಡಿ, ಪಾನೀಯ, ವೈಫೈ, ಫೋನ್ ಚಾರ್ಜ್ ಮಾಡಲು ಪ್ಲಗ್ ಪಾಯಿಂಟ್, ಕೆಲವು ಕಡೆ ಸ್ನಾನದ ಕೋಣೆ ಅಲ್ಲಿರುತ್ತವೆ. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕ್‌ನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ತೆರೆದ ಅಡ್ಮಿರಲ್ಸ್ ಕ್ಲಬ್ ಈ ಬಗೆಯ ಮೊದಲ ಕೊಠಡಿ ಎನಿಸಿಕೊಂಡಿದೆ. ಆಗ ಅಲ್ಲಿಗೆ ಹೋಗಲು ಸಂಸ್ಥೆಯ ಆಹ್ವಾನವೇ ಬೇಕಿತ್ತು. ಇಂದು ಆಹ್ವಾನದ ಜಾಗಕ್ಕೆ ಟಿಕೆಟ್, ಸದಸ್ಯತ್ವ, ಬ್ಯಾಂಕ್ ಕಾರ್ಡ್ ಮತ್ತು ಹಣ ಬಂದಿವೆ. ಇವುಗಳಲ್ಲಿ ನಿಮ್ಮ ಬಳಿ ಯಾವುದಿದೆ, ಅದು ಯಾವ ಬಾಗಿಲಿಗೆ ಹೊಂದುತ್ತದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳೋಣ.

ಹಂತ 1: ಲೌಂಜ್ ಯಾರದ್ದು ಎಂದು ತಿಳಿದುಕೊಳ್ಳಿ

ಹೊರಗಿನಿಂದ ನೋಡಲು ಎಲ್ಲ ಲೌಂಜ್‌ಗಳೂ ಒಂದೇ ಥರ ಕಂಡರೂ ನಡೆಸುವವರು ಬೇರೆ ಬೇರೆ. ವಿಮಾನ ಸಂಸ್ಥೆ ತನ್ನ ಪ್ರಯಾಣಿಕರಿಗಾಗಿ ತಾನೇ ನಡೆಸುವುದು ಒಂದು ಬಗೆ. ಯುನೈಟೆಡ್ ಕ್ಲಬ್, ಡೆಲ್ಟಾ ಸ್ಕೈ ಕ್ಲಬ್, ಕ್ವಾಂಟಾಸ್ ಕ್ಲಬ್ ಇವೆಲ್ಲ ಈ ಗುಂಪಿನವು. ಯಾವ ವಿಮಾನ ಸಂಸ್ಥೆಗೂ ಸೇರದ ಕಂಪನಿಯೊಂದು ನಡೆಸುವುದು ಎರಡನೆಯ ಬಗೆ. ಪ್ಲಾಜಾ ಪ್ರೀಮಿಯಂ ಇದಕ್ಕೆ ಪರಿಚಿತ ಉದಾಹರಣೆ. ಇಂಥ ಸ್ವತಂತ್ರ ಲೌಂಜ್‌ಗಳು ಹಲವು ವಿಮಾನ ಸಂಸ್ಥೆಗಳು ಮತ್ತು ಕಾರ್ಡ್ ಯೋಜನೆಗಳೊಡನೆ ಒಪ್ಪಂದ ಮಾಡಿಕೊಂಡಿರುತ್ತವೆ, ಹಣ ಕೊಟ್ಟು ಬರುವವರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತವೆ. ಅಮೆರಿಕನ್ ಎಕ್ಸ್‌ಪ್ರೆಸ್‌ನ ಸೆಂಚೂರಿಯನ್ ಲೌಂಜ್‌ನಂತೆ ಕಾರ್ಡ್ ಕಂಪನಿಯೇ ನಡೆಸುವುದು ಮೂರನೆಯದು.

ಈ ವಿಂಗಡಣೆ ಸುಮ್ಮನೆ ತಿಳಿದಿರಲಿ ಎಂದು ಹೇಳಿದ್ದಲ್ಲ. ನಿಮ್ಮ ವಿಮಾನ ರದ್ದಾದರೆ ವಿಮಾನ ಸಂಸ್ಥೆಯ ಸ್ವಂತ ಲೌಂಜಿನಲ್ಲಿರುವ ಸಿಬ್ಬಂದಿ ನಿಮ್ಮ ಟಿಕೆಟನ್ನು ಬೇರೆ ವಿಮಾನಕ್ಕೆ ಬದಲಾಯಿಸಿಕೊಡುವ ಸಾಧ್ಯತೆ ಹೆಚ್ಚು, ಹೊರಗಿನ ಉದ್ದನೆಯ ಸಾಲು ತಪ್ಪುತ್ತದೆ. ಸ್ವತಂತ್ರ ಲೌಂಜಿನ ಸಿಬ್ಬಂದಿಯ ಕೈಯಲ್ಲಿ ಆ ಅಧಿಕಾರವಿಲ್ಲ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಸಂಸ್ಥೆಯ ಆ್ಯಪ್ ಅಥವಾ ಕೌಂಟರಿಗೇ ಹೋಗಬೇಕು.

ಹಂತ 2: ನಿಮ್ಮ ಪ್ರವೇಶದ ಹಕ್ಕು ಯಾವುದರಿಂದ ಬಂದಿದೆ ಎಂದು ನೋಡಿ

ಅತಿ ಹೆಚ್ಚು ತಪ್ಪುಗಳು ನಡೆಯುವುದು ಇಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಟಿಕೆಟಿನ ದರ್ಜೆ. ಅಂತರರಾಷ್ಟ್ರೀಯ ಬಿಸಿನೆಸ್ ಕ್ಲಾಸ್ ಟಿಕೆಟ್ ಇದ್ದವರಿಗೆ ಲೌಂಜ್ ಸಿಗುವುದು ವಾಡಿಕೆ. ದೇಶೀಯ ಪ್ರಯಾಣಕ್ಕೂ ಹಾಗೆಯೇ ಇರಬಹುದೆಂದು ಊಹಿಸುವುದು ಸಹಜ, ಆದರೆ ಊಹೆಯನ್ನು ನಂಬಿ ಹೋಗಬೇಡಿ. ಅಮೆರಿಕದ ಉದಾಹರಣೆಯನ್ನೇ ನೋಡಿ: ಅಮೆರಿಕನ್, ಡೆಲ್ಟಾ, ಯುನೈಟೆಡ್ ಈ ಮೂರೂ ಸಂಸ್ಥೆಗಳಲ್ಲಿ ದೇಶದೊಳಗಿನ ಸಾಮಾನ್ಯ ಫಸ್ಟ್ ಕ್ಲಾಸ್ ಟಿಕೆಟ್ ಕೈಯಲ್ಲಿದ್ದ ಮಾತ್ರಕ್ಕೆ ಲೌಂಜ್ ಪ್ರವೇಶ ದೊರೆಯುವುದಿಲ್ಲ; ದೂರದ ಕೆಲವೇ ಮಾರ್ಗಗಳ ವಿಶೇಷ ದರ್ಜೆಗಳಿಗೆ ಮಾತ್ರ ವಿನಾಯಿತಿ ಇದೆ. ಬೇರೆ ದೇಶಗಳ ಹಲವು ಸಂಸ್ಥೆಗಳು ದೇಶೀಯ ಬಿಸಿನೆಸ್ ಕ್ಲಾಸಿನವರಿಗೆ ಲೌಂಜ್ ಕೊಡುತ್ತವೆ. ಎರಡೂ ಬಗೆ ಚಾಲ್ತಿಯಲ್ಲಿರುವುದರಿಂದ, ನಿಮ್ಮ ಟಿಕೆಟಿನ ‘ಸೌಲಭ್ಯಗಳು’ ಎಂಬ ಪಟ್ಟಿಯಲ್ಲಿ ಲೌಂಜ್ ಎಂಬ ಪದ ಕಣ್ಣಿಗೆ ಬಿದ್ದರೆ ಮಾತ್ರ ಇದೆ ಎಂದು ತಿಳಿಯಿರಿ. ಅಗ್ಗದ ದರದ ಟಿಕೆಟ್ ಇದ್ದ ಹಕ್ಕನ್ನೂ ಕಳೆಯಬಹುದು. ಡೆಲ್ಟಾ ಸಂಸ್ಥೆ 2024ರ ಜನವರಿ 1ರಿಂದ ತನ್ನ ಬೇಸಿಕ್ ಎಕಾನಮಿ ಟಿಕೆಟಿನವರಿಗೆ, ಅವರ ಬಳಿ ಯಾವ ಕಾರ್ಡ್ ಇದ್ದರೂ, ಸ್ಕೈ ಕ್ಲಬ್ ಪ್ರವೇಶವನ್ನು ನಿಲ್ಲಿಸಿತು. ಟಿಕೆಟಿನಲ್ಲಿ ಉಳಿಸಿದ ಹಣ ಲೌಂಜಿನ ಬಾಗಿಲಲ್ಲಿ ಹೀಗೆ ಖರ್ಚಾಗುವುದುಂಟು.

ಸದಸ್ಯತ್ವದ ದರ್ಜೆ. ಒಂದೇ ಸಂಸ್ಥೆಯಲ್ಲಿ ಹೆಚ್ಚು ಪ್ರಯಾಣ ಮಾಡುವವರಿಗೆ ಆ ಸಂಸ್ಥೆ ಬೆಳ್ಳಿ, ಚಿನ್ನ ಎಂಬಂತಹ ದರ್ಜೆಗಳನ್ನು ಕೊಡುತ್ತದೆ. ಆ ಸಂಸ್ಥೆ ಯಾವುದಾದರೂ ಮೈತ್ರಿಕೂಟಕ್ಕೆ ಸೇರಿದ್ದರೆ, ಅಂದರೆ ಪರಸ್ಪರ ಪ್ರಯಾಣಿಕರಿಗೆ ಸೌಲಭ್ಯ ಹಂಚಿಕೊಳ್ಳುವ ವಿಮಾನ ಸಂಸ್ಥೆಗಳ ಒಕ್ಕೂಟದಲ್ಲಿದ್ದರೆ, ಆ ದರ್ಜೆಗೆ ಒಕ್ಕೂಟದ ಇತರ ಲೌಂಜ್‌ಗಳಲ್ಲಿಯೂ ಬೆಲೆಯಿರುತ್ತದೆ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್, 1999ರ ಒನ್‌ವರ್ಲ್ಡ್, 2000ದ ಸ್ಕೈಟೀಮ್ ಇವು ಮೂರು ದೊಡ್ಡ ಕೂಟಗಳು. ಲೌಂಜ್ ಸಿಗುವುದು ಸ್ಟಾರ್ ಅಲಯನ್ಸ್‌ನಲ್ಲಿ ‘ಗೋಲ್ಡ್’, ಒನ್‌ವರ್ಲ್ಡ್‌ನಲ್ಲಿ ‘ಸಫೈರ್’ ಮತ್ತು ‘ಎಮರಾಲ್ಡ್’, ಸ್ಕೈಟೀಮ್‌ನಲ್ಲಿ ‘ಎಲೀಟ್ ಪ್ಲಸ್’ ದರ್ಜೆಯವರಿಗೆ. ಅದಕ್ಕಿಂತ ಕೆಳಗಿನ ದರ್ಜೆಗೆ ಕೂಟದ ಮಟ್ಟದಲ್ಲಿ ಈ ಹಕ್ಕಿಲ್ಲ.

ದೇಶೀಯ ಪ್ರಯಾಣಿಕರು ಎಡವುವುದು ಈ ನಿಯಮಗಳ ಕೊನೆಯ ಸಾಲಿನಲ್ಲಿ. ಸ್ಕೈಟೀಮ್‌ನ ಲೌಂಜ್ ಸೌಲಭ್ಯವನ್ನು ಮುಖ್ಯವಾಗಿ ಅಂತರರಾಷ್ಟ್ರೀಯ ಪ್ರಯಾಣವನ್ನು ಗಮನದಲ್ಲಿಟ್ಟು ರೂಪಿಸಲಾಗಿದೆ. ಸ್ಟಾರ್ ಅಲಯನ್ಸ್‌ಗೆ ಸೇರಿದ ಯುನೈಟೆಡ್‌ನ ಸ್ವಂತ ಯೋಜನೆಯಲ್ಲಿ ಗೋಲ್ಡ್ ದರ್ಜೆ ಪಡೆದವರು ಅಮೆರಿಕದೊಳಗೇ ಹೋಗಿಬರುವಾಗ ಆ ದರ್ಜೆಯ ಬಲದಿಂದ ಯುನೈಟೆಡ್ ಕ್ಲಬ್ಬಿಗೆ ಹೋಗುವಂತಿಲ್ಲ, ಆದರೆ ಅದೇ ಕೂಟದ ಬೇರೆ ದೇಶದ ಸಂಸ್ಥೆಯಲ್ಲಿ ಗೋಲ್ಡ್ ಆಗಿರುವವರು ಅದೇ ವಿಮಾನಕ್ಕೆ ಕಾಯುತ್ತಾ ಒಳಗೆ ಕೂರಬಹುದು. ಅಮೆರಿಕನ್ ಏರ್‌ಲೈನ್ಸ್‌ನ ಸ್ವಂತ ಸದಸ್ಯರಿಗೂ ದೇಶೀಯ ಪ್ರಯಾಣದಲ್ಲಿ ಇಂಥದೇ ಕಟ್ಟಳೆಯಿದೆ. ತನ್ನ ನಿತ್ಯದ ಗ್ರಾಹಕರೇ ತುಂಬಿಕೊಂಡರೆ ಲೌಂಜಿನಲ್ಲಿ ಜಾಗ ಉಳಿಯುವುದಿಲ್ಲ, ಲೌಂಜಿನ ಸದಸ್ಯತ್ವವನ್ನು ಹಣಕ್ಕೆ ಮಾರುವುದಕ್ಕೂ ಆಗುವುದಿಲ್ಲ. ಈ ವಿಚಿತ್ರ ನಿಯಮದ ಹಿಂದಿರುವ ಲೆಕ್ಕಾಚಾರ ಅದೇ ಎಂದು ನನಗನ್ನಿಸುತ್ತದೆ.

ಬ್ಯಾಂಕ್ ಕಾರ್ಡ್. ಹೆಚ್ಚಿನ ಓದುಗರ ಬಳಿ ಇರುವುದು ಇದೇ. ಕಾರ್ಡಿನ ಮೂಲಕ ಬರುವ ಸೌಲಭ್ಯದಲ್ಲಿ ಎರಡು ದಾರಿಗಳಿವೆ, ಇವೆರಡನ್ನೂ ಬೆರೆಸಿಕೊಳ್ಳಬಾರದು. ಒಂದರಲ್ಲಿ ನಿಮ್ಮ ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡನ್ನೇ ಲೌಂಜಿನ ಯಂತ್ರದಲ್ಲಿ ಉಜ್ಜುತ್ತಾರೆ. ಇನ್ನೊಂದರಲ್ಲಿ ಬ್ಯಾಂಕು ನಿಮ್ಮನ್ನು ಪ್ರಯಾರಿಟಿ ಪಾಸ್ ಅಥವಾ ಡ್ರ್ಯಾಗನ್‌ಪಾಸ್ ತರಹದ ಪ್ರತ್ಯೇಕ ಯೋಜನೆಗೆ ಸೇರಿಸುತ್ತದೆ. ಪ್ರಯಾರಿಟಿ ಪಾಸ್ ಯೋಜನೆಯಲ್ಲಿ ಬ್ಯಾಂಕ್ ಕಾರ್ಡ್ ತೋರಿಸಿದರೆ ಬಾಗಿಲು ತೆರೆಯುವುದಿಲ್ಲ. ಅದರದೇ ಸದಸ್ಯತ್ವ ಕಾರ್ಡ್ ಅಥವಾ ಆ್ಯಪಿನ ಕ್ಯೂಆರ್ ಕೋಡ್ ಬೇಕು. ಆ ಸದಸ್ಯತ್ವ ತಾನಾಗಿ ಶುರುವಾಗುವುದೂ ಇಲ್ಲ, ನೀವೇ ನೋಂದಾಯಿಸಿಕೊಳ್ಳಬೇಕು. ನಾನು ಮೊದಲ ಸಲ ಹೋದಾಗ ಕೌಂಟರಿನಲ್ಲಿ ಹೆಮ್ಮೆಯಿಂದ ಕ್ರೆಡಿಟ್ ಕಾರ್ಡ್ ಚಾಚಿ, ‘ಇದಲ್ಲ, ಇದರ ಜೊತೆ ಬಂದಿರುವ ಇನ್ನೊಂದು ಕಾರ್ಡ್’ ಎನ್ನಿಸಿಕೊಂಡು ವಾಪಸು ಬಂದೆ; ಆ ಇನ್ನೊಂದು ಕಾರ್ಡ್ ಮನೆಯ ಬೀರುವಿನಲ್ಲಿ, ಬಿಚ್ಚದ ಲಕೋಟೆಯೊಳಗೆ ಬೆಚ್ಚಗಿತ್ತು.

ಕಾರ್ಡಿನ ನಿಯಮಾವಳಿಯಲ್ಲಿ ಈ ನಾಲ್ಕನ್ನು ಹುಡುಕಿ ಓದಿ: ದೇಶೀಯ ಲೌಂಜ್‌ಗಳು ಸೇರಿವೆಯೇ, ವರ್ಷಕ್ಕೆ ಅಥವಾ ಮೂರು ತಿಂಗಳಿಗೆ ಎಷ್ಟು ಸಲ ಉಚಿತ, ಅದನ್ನು ಪಡೆಯಲು ಹಿಂದಿನ ಅವಧಿಯಲ್ಲಿ ಇಂತಿಷ್ಟು ಖರ್ಚು ಮಾಡಿರಬೇಕೆಂಬ ಷರತ್ತಿದೆಯೇ, ಜೊತೆಯಲ್ಲಿ ಬರುವವರ ಲೆಕ್ಕ ಹೇಗೆ. ಮಿತಿಗಳು ಬಿಗಿಯಾಗುತ್ತಲೇ ಹೋಗುತ್ತಿವೆ. ಹಿಂದೆ ಮಿತಿಯೇ ಇಲ್ಲದಿದ್ದ ಡೆಲ್ಟಾ ರಿಸರ್ವ್ ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿಗೆ 2025ರ ಫೆಬ್ರವರಿ 1ರಿಂದ ವರ್ಷಕ್ಕೆ 15 ಭೇಟಿಗಳ ಮಿತಿ ಬಂತು. ಆದ್ದರಿಂದ ಎರಡು ವರ್ಷದ ಹಿಂದೆ ಗೆಳೆಯರು ಹೇಳಿದ್ದನ್ನು ನಂಬಿ ಹೊರಡಬೇಡಿ, ಹೊರಡುವ ವಾರದಲ್ಲಿ ನಿಯಮವನ್ನು ನೀವೇ ಓದಿ.

ಹಣ ಕೊಟ್ಟು ಹೋಗುವುದು. ಮೇಲಿನ ಯಾವುದೂ ಇಲ್ಲದವರಿಗೆ ಇದು ಮುಚ್ಚುಮರೆಯಿಲ್ಲದ ದಾರಿ. ಲೌಂಜಿನ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸಿದರೆ ಜಾಗ ಖಾತ್ರಿಯಾಗುವ ಸಂಭವ ಹೆಚ್ಚು. ನೀವು ಅಲ್ಲಿ ಕಳೆಯುವುದು ಮುಕ್ಕಾಲು ಗಂಟೆಗಿಂತ ಕಡಿಮೆಯಾದರೆ ಹಣ ಕೊಡಬೇಡಿ ಎನ್ನುವುದು ನನ್ನ ಸಲಹೆ. ಅಷ್ಟರಲ್ಲಿ ಒಂದು ಕಾಫಿ ಕುಡಿಯುವುದಷ್ಟೇ ಆಗುತ್ತದೆ.

ಹಂತ 3: ಲೌಂಜ್ ಎಲ್ಲಿದೆ ಎಂದು ಮೊದಲೇ ಪತ್ತೆಮಾಡಿ

ಹಕ್ಕು ಇದ್ದರಷ್ಟೇ ಆಗಲಿಲ್ಲ, ಲೌಂಜ್ ನೀವು ಹೋಗಬಹುದಾದ ಜಾಗದಲ್ಲಿಯೂ ಇರಬೇಕು. ನಿಮ್ಮ ಯೋಜನೆಯ ಆ್ಯಪಿನಲ್ಲಿ ವಿಮಾನ ನಿಲ್ದಾಣದ ಹೆಸರು ಹಾಕಿದರೆ ಐದಾರು ಲೌಂಜ್‌ಗಳು ಕಾಣಿಸಬಹುದು. ಅವುಗಳಲ್ಲಿ ಹಲವು ಅಂತರರಾಷ್ಟ್ರೀಯ ವಿಭಾಗದಲ್ಲಿರುತ್ತವೆ. ದೇಶೀಯ ಪ್ರಯಾಣಿಕರು ವಲಸೆ ತಪಾಸಣೆ ದಾಟಿ ಆ ಕಡೆಗೆ ಹೋಗುವಂತಿಲ್ಲ, ಆದ್ದರಿಂದ ಅವು ನಿಮ್ಮ ಪಾಲಿಗೆ ಇಲ್ಲದಂತೆಯೇ. ಹಾಗೆಯೇ ಟರ್ಮಿನಲ್ ಸಂಖ್ಯೆಯನ್ನು ನೋಡಿ. ಭದ್ರತಾ ತಪಾಸಣೆಯ ನಂತರ ಒಂದು ಟರ್ಮಿನಲಿನಿಂದ ಇನ್ನೊಂದಕ್ಕೆ ಹೋಗಲು ದಾರಿಯಿಲ್ಲದ ನಿಲ್ದಾಣಗಳು ಬಹಳಷ್ಟಿವೆ.

ಲೌಂಜಿನ ವಿವರದಲ್ಲಿ ‘ಏರ್‌ಸೈಡ್’, ‘ಲ್ಯಾಂಡ್‌ಸೈಡ್’ ಎಂಬ ಎರಡು ಪದಗಳು ಸಿಗುತ್ತವೆ. ಏರ್‌ಸೈಡ್ ಎಂದರೆ ಭದ್ರತಾ ತಪಾಸಣೆ ಮುಗಿದ ನಂತರದ ಜಾಗ, ಲ್ಯಾಂಡ್‌ಸೈಡ್ ಎಂದರೆ ಅದಕ್ಕೆ ಮುಂಚಿನ ಜಾಗ. ಲೌಂಜ್ ಲ್ಯಾಂಡ್‌ಸೈಡ್‌ನಲ್ಲಿದ್ದರೆ ಊಟ ಮುಗಿಸಿ ಎದ್ದ ಮೇಲೂ ತಪಾಸಣೆಯ ಸಾಲು ನಿಮಗಾಗಿ ಕಾದಿರುತ್ತದೆ ಎಂಬುದನ್ನು ಮರೆಯಬೇಡಿ. ಸಾಲು ಎಷ್ಟು ಉದ್ದವಿರುತ್ತದೆಂದು ಒಳಗೆ ಕುಳಿತವರಿಗೆ ಕಾಣುವುದಿಲ್ಲ. ಏರ್‌ಸೈಡ್ ಲೌಂಜ್ ಸಿಗುವುದಾದರೆ ಅದನ್ನೇ ಆರಿಸಿಕೊಳ್ಳಿ. ತೆರೆದಿರುವ ವೇಳೆಯನ್ನೂ ಪರೀಕ್ಷಿಸಿ, ಬೆಳಗಿನ ಮೊದಲ ವಿಮಾನಕ್ಕೆ ಹೋಗುವವರಿಗೆ ಬಾಗಿಲು ಇನ್ನೂ ಮುಚ್ಚಿರಬಹುದು.

ಹಂತ 4: ಸಮಯವನ್ನು ಹಿಂದಿನಿಂದ ಎಣಿಸಿ

ಲೆಕ್ಕ ಹಾಕಬೇಕಾದದ್ದು ಗೇಟ್ ಮುಚ್ಚುವ ಹೊತ್ತಿನಿಂದ. ವಿಮಾನ ಹೊರಡುವ ಹೊತ್ತಿನಿಂದಲ್ಲ. ದೇಶೀಯ ವಿಮಾನಗಳ ಗೇಟ್ ಸಾಮಾನ್ಯವಾಗಿ ಹೊರಡುವುದಕ್ಕೆ 15ರಿಂದ 25 ನಿಮಿಷ ಮುಂಚೆ ಮುಚ್ಚುತ್ತದೆ. ನಿಮ್ಮ ಬೋರ್ಡಿಂಗ್ ಪಾಸಿನ ಮೇಲೆ ಅಥವಾ ಸಂಸ್ಥೆಯ ನಿಯಮಗಳಲ್ಲಿ ಆ ಅಂಕಿಯಿರುತ್ತದೆ. ವಿಮಾನ 10 ಗಂಟೆಗೆ, ಗೇಟ್ ಮುಚ್ಚುವುದು 9:35ಕ್ಕೆ ಎಂದಿಟ್ಟುಕೊಳ್ಳಿ. ಬೋರ್ಡಿಂಗ್ 9:15ರ ಸುಮಾರಿಗೆ ಶುರುವಾಗುತ್ತದೆ. ಲೌಂಜಿನಿಂದ ಗೇಟಿಗೆ 10 ನಿಮಿಷದ ನಡಿಗೆಯಾದರೆ 9:05ಕ್ಕೆ ಎದ್ದರೆ ಸರಿ. ಒಳಗೆ ಒಂದು ಗಂಟೆ ಬೇಕೆಂದರೆ 8:05ಕ್ಕೆ ಲೌಂಜಿನ ಬಾಗಿಲಲ್ಲಿರಬೇಕು. ಬ್ಯಾಗ್ ಒಪ್ಪಿಸಲು ಮತ್ತು ತಪಾಸಣೆಗೆ ಮುಕ್ಕಾಲು ಗಂಟೆ ಹಿಡಿದರೆ, ನಿಲ್ದಾಣದ ಹೊಸ್ತಿಲು ದಾಟಬೇಕಾದದ್ದು 7:20ಕ್ಕೆ.

ತೀರಾ ಬೇಗ ಹೋಗುವುದೂ ತೊಂದರೆಯೇ. ಅನೇಕ ಲೌಂಜ್‌ಗಳು ವಿಮಾನ ಹೊರಡುವ ಮೂರು ಗಂಟೆಗಿಂತ ಮುಂಚೆ ಒಳಗೆ ಬಿಡುವುದಿಲ್ಲ. ಡೆಲ್ಟಾ ಸ್ಕೈ ಕ್ಲಬ್ ಮತ್ತು ಸೆಂಚೂರಿಯನ್ ಲೌಂಜ್‌ಗಳಲ್ಲಿ ಈ ನಿಯಮ ಜಾರಿಯಲ್ಲಿದೆ, ಮಧ್ಯೆ ವಿಮಾನ ಬದಲಾಯಿಸುವವರಿಗೆ ಮಾತ್ರ ಸಡಿಲಿಕೆ. ಸ್ವತಂತ್ರ ಲೌಂಜ್‌ಗಳಲ್ಲಿ ಒಳಗೆ ಇರಬಹುದಾದ ಅವಧಿಗೂ ಎರಡು ಮೂರು ಗಂಟೆಗಳ ಮಿತಿ ಇರುವುದು ಸಾಮಾನ್ಯ. ಇನ್ನೊಂದು ಮಾತು, ಬಹುತೇಕ ಲೌಂಜ್‌ಗಳು ಹೊರಡುವ ಪ್ರಯಾಣಿಕರಿಗೆ ಮಾತ್ರ. ಊರು ತಲುಪಿದ ಮೇಲೆ ಹೋಗೋಣ ಎಂದುಕೊಂಡರೆ ನಿರಾಶೆಯೇ ಗತಿ.

ಹಂತ 5: ಕೌಂಟರಿನಲ್ಲಿ

ಅದೇ ದಿನದ ಬೋರ್ಡಿಂಗ್ ಪಾಸ್, ಹಕ್ಕು ಕೊಡುವ ಕಾರ್ಡ್ ಅಥವಾ ಕೋಡ್, ಫೋಟೋ ಇರುವ ಗುರುತಿನ ಚೀಟಿ ಈ ಮೂರನ್ನು ಕೈಯಲ್ಲಿ ಹಿಡಿದೇ ಸಾಲಿಗೆ ನಿಲ್ಲಿ. ಕಾರ್ಡಿನ ಮೇಲಿನ ಹೆಸರೂ ಬೋರ್ಡಿಂಗ್ ಪಾಸಿನ ಹೆಸರೂ ಒಂದೇ ಆಗಿರಬೇಕು, ಮನೆಯವರ ಕಾರ್ಡ್ ತಂದು ಒಳಗೆ ಹೋಗಲು ಬರುವುದಿಲ್ಲ. ಆ್ಯಪಿನ ಕೋಡನ್ನು ಮೊದಲೇ ತೆರೆದು ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ನೆಟ್‌ವರ್ಕ್ ಕೈಕೊಟ್ಟಾಗ ನೆರವಾಗಬಹುದು. ಆದರೆ ಕೆಲವು ಕೋಡ್‌ಗಳು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ. ನೇರವಾಗಿ ಕಾರ್ಡ್ ಉಜ್ಜುವ ಯೋಜನೆಗಳಲ್ಲಿ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ಪರೀಕ್ಷಿಸಲು ಸಣ್ಣದೊಂದು ಮೊತ್ತವನ್ನು ಕಡಿತ ಮಾಡುವುದುಂಟು. ಅದಕ್ಕೆ ಗಾಬರಿ ಬೇಡ.

ಗಮನ ಬೇಕಿರುವುದು ಸಿಬ್ಬಂದಿ ನಿಮ್ಮ ಮುಂದಿಡುವ ಚೀಟಿಗೆ ಅಥವಾ ಸಹಿಗಾಗಿ ತಿರುಗಿಸುವ ಪರದೆಗೆ. ಅದರಲ್ಲಿ ಸದಸ್ಯರು ಎಷ್ಟು, ಅತಿಥಿಗಳು ಎಷ್ಟು ಎಂಬ ಎರಡು ಪುಟ್ಟ ಅಂಕಿಗಳಿರುತ್ತವೆ. ನೀವು ಒಬ್ಬರೇ ಬಂದಿದ್ದರೆ ಅತಿಥಿಗಳ ಕಡೆ ಸೊನ್ನೆ ಇರಬೇಕು. ಅತಿಥಿ ಎಂದರೆ ನಿಮ್ಮ ಹಕ್ಕಿನ ಮೇಲೆ ಒಳಗೆ ಬರುವ ಜೊತೆಗಾರರು. ಅವರ ಬಳಿಯೂ ಆ ದಿನದ ಬೋರ್ಡಿಂಗ್ ಪಾಸ್ ಇರಬೇಕು, ಮತ್ತು ಅವರ ಶುಲ್ಕ ಆಗ ಕೇಳದೆ ತಿಂಗಳ ನಂತರ ನಿಮ್ಮ ಕಾರ್ಡಿನ ಬಿಲ್ಲಿನಲ್ಲಿ ಬಂದು ಕೂರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಲೆಕ್ಕವಿಲ್ಲ, ಅದಕ್ಕಿಂತ ದೊಡ್ಡ ಮಕ್ಕಳು ಹಲವು ಕಡೆ ಪೂರ್ಣ ಅತಿಥಿಯೇ. ‘ಇದು ಉಚಿತ ಭೇಟಿಯೇ, ಶುಲ್ಕದ ಭೇಟಿಯೇ?’ ಎಂದು ಸಹಿಗೆ ಮುಂಚೆ ಬಾಯಿಬಿಟ್ಟು ಕೇಳಲು ಸಂಕೋಚಪಡಬೇಡಿ. ಉಚಿತ ಭೇಟಿಗಳ ಉಳಿಕೆ ಲೌಂಜಿನವರ ಪರದೆಯಲ್ಲಿ ಕಾಣದೇ ಇರಬಹುದು. ಅದನ್ನು ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ನೀವೇ ನೋಡಿರಬೇಕು.

ಜಾಗ ತುಂಬಿದೆ ಎಂದು ವಾಪಸು ಕಳಿಸುವುದೂ ಉಂಟು. ಕಾರ್ಡ್ ಯೋಜನೆಗಳ ಷರತ್ತುಗಳಲ್ಲಿಯೇ ಜಾಗವಿದ್ದರೆ ಮಾತ್ರ ಪ್ರವೇಶ ಎಂದು ಬರೆದಿರುತ್ತದೆ. ಬೆಳಗಿನ ಮತ್ತು ಸಂಜೆಯ ವಿಮಾನಗಳ ದಟ್ಟಣೆಯಲ್ಲಿ ಇದು ಹೆಚ್ಚು. ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಅದೇ ಟರ್ಮಿನಲಿನಲ್ಲಿ ನಿಮ್ಮ ಯೋಜನೆಗೆ ಸೇರಿದ ಎರಡನೆಯ ಲೌಂಜ್ ಇದೆಯೇ ಎಂದು ನೋಡಿ.

ಹಂತ 6: ಒಳಗೆ ಹೋದ ಮೇಲೆ

ಮೊದಲು ಹುಡುಕಬೇಕಾದದ್ದು ವಿಮಾನಗಳ ವೇಳೆ ತೋರಿಸುವ ಪರದೆಯನ್ನು. ತಿಂಡಿಯ ಮೇಜು ಆಮೇಲೆ. ಪರದೆ ಕಾಣುವಂತಹ ಆಸನ ಹಿಡಿಯಿರಿ. ಆಸನದ ಬಳಿ ಪ್ಲಗ್ ಪಾಯಿಂಟ್ ಇದೆಯೇ, ಅದರಲ್ಲಿ ಕರೆಂಟ್ ಬರುತ್ತಿದೆಯೇ ಎಂದು ಕೂರುವ ಮುಂಚೆಯೇ ಚಾರ್ಜರ್ ಸಿಕ್ಕಿಸಿ ನೋಡಿ. ವೈಫೈ ಪಾಸ್‌ವರ್ಡ್ ಕೌಂಟರಿನಲ್ಲಿ ಕೊಡುತ್ತಾರೆ ಅಥವಾ ಮೇಜಿನ ಮೇಲಿನ ಚೀಟಿಯಲ್ಲಿರುತ್ತದೆ. ಸ್ನಾನದ ಕೋಣೆ ಬೇಕಿದ್ದರೆ ಬಂದ ತಕ್ಷಣ ಹೆಸರು ಬರೆಸಿ, ಸರದಿ ಬರಲು ಹೊತ್ತು ಹಿಡಿಯುತ್ತದೆ.

ಊಟ ತಿಂಡಿ ಬಹುತೇಕ ನೀವೇ ಬಡಿಸಿಕೊಳ್ಳುವ ಪದ್ಧತಿಯಲ್ಲಿರುತ್ತದೆ ಮತ್ತು ಪ್ರವೇಶದಲ್ಲಿಯೇ ಸೇರಿರುತ್ತದೆ. ಮದ್ಯ, ಮಸಾಜ್, ಮಲಗುವ ಕೋಣೆ ಇವುಗಳಿಗೆ ಬೇರೆ ಶುಲ್ಕ ಇರಬಹುದು, ಕೇಳಿಯೇ ತೆಗೆದುಕೊಳ್ಳಿ. ಆಹಾರವನ್ನು ಡಬ್ಬಿಗೆ ತುಂಬಿಕೊಂಡು ಹೊರಗೆ ಒಯ್ಯಲು ಅನುಮತಿಯಿಲ್ಲ. ಫೋನಿನ ಧ್ವನಿಯನ್ನು ಹೆಡ್‌ಫೋನಿಗೆ ಸೀಮಿತಗೊಳಿಸಿ. ವಿಶ್ರಾಂತಿಗೆಂದೇ ಬಂದವರ ನಡುವೆ ಸ್ಪೀಕರಿನಲ್ಲಿ ಮಾತನಾಡುವುದು ನಿಜಕ್ಕೂ ಇತರರಿಗೆ ಹಿಂಸೆ. ತಟ್ಟೆ ತರಲು ಎದ್ದಾಗಲೂ ಕೈಚೀಲವನ್ನು ಆಸನ ಕಾಯಲು ಬಿಟ್ಟುಹೋಗಬೇಡಿ, ಲೌಂಜ್ ಕೂಡ ಸಾರ್ವಜನಿಕ ಜಾಗವೇ.

ಹಂತ 7: ಕರೆಗೆ ಕಾಯದೆ ಹೊರಡಿ

ಅನೇಕ ಲೌಂಜ್‌ಗಳಲ್ಲಿ ಬೋರ್ಡಿಂಗ್ ಪ್ರಕಟಣೆಯನ್ನು ಕೂಗುವುದಿಲ್ಲ. ಬಾಗಿಲ ಬಳಿ ಒಂದು ಚಿಕ್ಕ ಫಲಕದಲ್ಲಿ ಅದನ್ನು ಬರೆದು ಕೈತೊಳೆದುಕೊಂಡಿರುತ್ತಾರೆ. ಹೊರಗೆ ನಿಮ್ಮ ಹೆಸರನ್ನು ಮೂರು ಸಲ ಕರೆದರೂ ಒಳಗಿನ ಮೆತ್ತನೆಯ ನಿಶ್ಶಬ್ದದಲ್ಲಿ ಕೇಳಿಸುವುದಿಲ್ಲ. ಹಾಗಾಗಿ ಹಂತ 4ರಲ್ಲಿ ಲೆಕ್ಕ ಹಾಕಿದ ಏಳುವ ಸಮಯಕ್ಕೆ ಫೋನಿನಲ್ಲಿ ಅಲಾರಂ ಇಡಿ, ವಿಮಾನ ಸಂಸ್ಥೆಯ ಆ್ಯಪಿನ ಸೂಚನೆಗಳನ್ನು ಚಾಲೂ ಮಾಡಿ. ಹೊರಡುವ ಮುನ್ನ ಗೇಟ್ ಸಂಖ್ಯೆಯನ್ನು ಇನ್ನೊಮ್ಮೆ ಪರದೆಯಲ್ಲಿ ನೋಡಿ. ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾದ ಗೇಟ್ ನಂತರ ಬದಲಾಗಿರಬಹುದು. ಗೇಟಿನಿಂದ ಬಸ್ಸಿನಲ್ಲಿ ವಿಮಾನಕ್ಕೆ ಒಯ್ಯುವ ವ್ಯವಸ್ಥೆಯಿದ್ದರೆ ಇನ್ನೂ ಐದು ನಿಮಿಷ ಮುಂಚೆ ಏಳಿ. ಕೈಚೀಲ ಇಡಲು ತಲೆಯ ಮೇಲಿನ ಜಾಗ ಬೇಕಾದವರು ಕೊನೆಯವರಾಗಿ ಹೋಗುವಂತೆಯೇ ಇಲ್ಲ.

ವಿಮಾನ ತಡವಾದರೆ ಒಳಗಿರುವ ಅವಧಿ ಮೀರುವ ಮುನ್ನವೇ ಕೌಂಟರಿಗೆ ಹೋಗಿ ಹೊಸ ಸಮಯ ತೋರಿಸಿ. ಕೆಲವು ಕಡೆ ಮುಂದುವರಿಯಲು ಬಿಡುತ್ತಾರೆ, ಕೆಲವು ಕಡೆ ಎರಡನೆಯ ಭೇಟಿ ಎಂದು ಲೆಕ್ಕ ಹಾಕುತ್ತಾರೆ. ತಡ ಎಂದು ಘೋಷಿಸಿದ ವಿಮಾನ ಮತ್ತೆ ಮುಂಚಿತವಾಗಿ ಹೊರಡುವ ಸಾಧ್ಯತೆಯೂ ಇರುವುದರಿಂದ ಪರದೆಯ ಮೇಲಿನ ಕಣ್ಣನ್ನು ಪೂರ್ತಿ ತೆಗೆಯಬೇಡಿ.

ಹಂತ 8: ಮುಂದಿನ ತಿಂಗಳ ಬಿಲ್

ಪ್ರವೇಶದ ಚೀಟಿಯನ್ನು ಎಸೆಯದೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಲೌಂಜಿನ ಶುಲ್ಕಗಳು ಕಾರ್ಡಿನ ಬಿಲ್ಲಿಗೆ ಕೆಲವು ವಾರಗಳ ನಂತರ ಬರುವುದರಿಂದ ಅಷ್ಟರಲ್ಲಿ ಪ್ರಯಾಣವೇ ಮರೆತುಹೋಗಿರುತ್ತದೆ. ಯೋಜನೆಯ ಆ್ಯಪಿನಲ್ಲಿ ಭೇಟಿಗಳ ಪಟ್ಟಿ ಸಿಗುತ್ತದೆ. ದಿನಾಂಕ, ಲೌಂಜ್, ಅತಿಥಿಗಳ ಸಂಖ್ಯೆ ಮೂರನ್ನೂ ಚೀಟಿಯೊಡನೆ ತಾಳೆ ನೋಡಿ. ತಪ್ಪು ಕಂಡರೆ ಮೊದಲು ಬರೆಯಬೇಕಾದದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ, ಏಕೆಂದರೆ ಹಣ ಕಡಿತ ಮಾಡಿದ್ದು ಅದೇ. ಚೀಟಿಯ ಫೋಟೋ ಮತ್ತು ಆ ದಿನದ ಬೋರ್ಡಿಂಗ್ ಪಾಸಿನ ಪ್ರತಿಯನ್ನು ಪತ್ರದ ಜೊತೆಗೇ ಲಗತ್ತಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.